ಬರೀ ಡಬ್ಬಕ್ಕೇನೋ ಅಷ್ಟು ದುಡ್ಡು?

ಹೊಸ ಕಂಪ್ಯೂಟರ್ ಜೋಡ್ಸೋಣ ಅಂತ ಹೊರಟಾಗ ಪ್ರೊಸೆಸರ್ ಯಾವ್ದು ಅಂತ ಒಂದೇ ದಿನದಲ್ಲಿ ಡಿಸೈಡ್ ಆಯ್ತು. ಮದರ್‌ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಇವಕ್ಕೆಲ್ಲಾ ಕರೆಂಟ್ ಕೊಡೋ ಎಸ್‌ಎಂಪಿಎಸ್ಸು ಎಲ್ಲಾ ಸೇರಿ ಒಂದು ಭಾನುವಾರ ಸಂಜೆ, ಕಾಫಿ ಆರೋದ್ರೊಳಗೆ ಮುಗೀತು. ಇವೆಲ್ಲಾ ಒಳಗೆ ಕೂರೋ ಡಬ್ಬ, ಅಂದ್ರೆ ಕ್ಯಾಬಿನೆಟ್ಟಿಗೆ ಮಾತ್ರ ಮೂರು ವಾರ ಹಿಡೀತು. ಅಮ್ಮ ತುಮಕೂರಿಂದ ಫೋನ್ ಮಾಡಿದಾಗ ಬಾಯ್ತಪ್ಪಿ ರೇಟ್ ಹೇಳ್ಬಿಟ್ಟೆ, ಐದು ಸಾವಿರ ಚಿಲ್ರೆ ಅಂತ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಬರೀ ಡಬ್ಬಕ್ಕೇನೋ ಅಷ್ಟು ದುಡ್ಡು? ಒಳಗಿನ ಸಾಮಾನು ಬೇರೆನಾ?"

"ಬೇರೆ ಅಮ್ಮ."

"ಹಂಗಾದ್ರೆ ಹಳೇ ಡಬ್ಬ ಅಟ್ಟದ ಮೇಲೆ ಹಂಗೇ ಕೂತಿದ್ಯಲ್ಲೋ, ಅದಕ್ಕೇನು ಬಂದಿರೋದು?"

ಅದಕ್ಕೇನು ಬಂದಿದೆ ಅಂತ ನಂಗೂ ಥಟ್ ಅಂತ ಹೇಳಕ್ಕಾಗ್ಲಿಲ್ಲ. ಮುಂದಿನ ಶನಿವಾರ ಊರಿಗೆ ಹೋದಾಗ ಏಣಿ ಹಾಕಿ ಇಳಿಸ್ದೆ. ಹಳೇ ಸೀರೆಯಲ್ಲಿ ಗಂಟು ಕಟ್ಟಿ ಇಟ್ಟಿದ್ರು, ಪಕ್ಕದಲ್ಲೇ ಇಡ್ಲಿ ಪಾತ್ರೆ, ಮುರಿದ ತೊಟ್ಟಿಲು. 2004ರಲ್ಲಿ ಅಪ್ಪ ನಂಜೊತೆ ಬೆಂಗಳೂರಲ್ಲಿ ಕಂಪ್ಯೂಟರ್ ಪಾರ್ಟ್ಸ್ ಸಿಗೋ ಎಸ್‌ಪಿ ರೋಡಿಗೆ ಬಂದು ಕೊಡ್ಸಿದ್ದ ಕ್ಯಾಬಿನೆಟ್ಟು. ಒಂದು ಕಾಲಕ್ಕೆ ಬೆಣ್ಣೆ ಬಣ್ಣ ಇತ್ತು, ಈಗ ಹಳೇ ಪುಸ್ತಕದ ಹಾಳೆ ಥರ ಹಳದಿ. ತಲೆ ಮೇಲೆ ಅರಿಶಿನ ಕುಂಕುಮದ ಕಲೆ, ವರ್ಷ ವರ್ಷ ಆಯುಧಪೂಜೆಗೆ ಒಂದೇ ಜಾಗದಲ್ಲಿ ಇಟ್ಟೂ ಇಟ್ಟೂ ಅದು ಪೇಂಟಿನೊಳಗೇ ಇಳಿದುಬಿಟ್ಟಿದೆ, ಉಜ್ಜಿದ್ರೂ ಹೋಗಲ್ಲ.

ಅವಾಗ ಕ್ಯಾಬಿನೆಟ್ ಆರಿಸೋದು ಅಂತ ಒಂದು ಕೆಲಸ ಇದೆ ಅಂತಾನೇ ಗೊತ್ತಿರ್ಲಿಲ್ಲ. ಅಂಗಡಿಯವ್ರು ಪಾರ್ಟ್ಸ್ ಎಲ್ಲಾ ಒಂದು ಚೀಟಿಲಿ ಬರೆದು, ಕೊನೇ ಸಾಲಲ್ಲಿ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’ ಅಂತ ಒಂದು ಸಂಖ್ಯೆ ಹಾಕೋರು ಅಷ್ಟೇ. ಮದುವೆ ಊಟದ ಜೊತೆ ಎಲೆ ಅಡಿಕೆ ಇದ್ದಂಗೆ. ಊರಲ್ಲಿ ಅದನ್ನ ಕ್ಯಾಬಿನೆಟ್ ಅಂತ ಕರೆದವ್ರೂ ಇಲ್ಲ, ‘ಸಿಪಿಯು’ ಅನ್ನೋರು. ಮಾನಿಟರ್ರು ಅಂದ್ರೆ ಟಿವಿ, ಇದು ಸಿಪಿಯು, ಮುಗೀತು.

ಆ ಸಿಪಿಯು ಶಾಕ್ ಹೊಡೀತಿತ್ತು. ದೊಡ್ಡ ಶಾಕ್ ಅಲ್ಲ, ಜುಮ್ಮ್ ಅನ್ನೋದು. ಪೇಂಟ್ ಇರೋ ಕಡೆ ಮುಟ್ಟಿದ್ರೆ ಏನಿಲ್ಲ, ಹಿಂದಿನ ಸ್ಕ್ರೂ ಮುಟ್ಟಿದ್ರೆ, ಪೆನ್‌ಡ್ರೈವ್ ಹಾಕುವಾಗ ಅದರ ತಗಡು ಬೆರಳಿಗೆ ತಾಗಿದ್ರೆ ಮೊಣಕೈವರೆಗೂ ಇರುವೆ ಹರಿದಂಗಾಗೋದು. ಅಮ್ಮ ಅದಕ್ಕೆ ಕಂಡ್ಕೊಂಡ ಉಪಾಯ ಅಂದ್ರೆ ಊಟದ ಮಣೆ. ಕಂಪ್ಯೂಟರ್ ಮುಂದೆ ಕೂತ್ಕೊಳೋರು ಮಣೆ ಮೇಲೆ ಕಾಲಿಡಬೇಕು ಅಂತ ಕಾನೂನು. ತಂಗಿ ಪಿಯುಸಿ ಪ್ರಾಜೆಕ್ಟ್ ಪೂರ್ತಿ ಮಣೆ ಮೇಲೆ ಕಾಲಿಟ್ಕೊಂಡೇ ಟೈಪ್ ಮಾಡಿದ್ಲು. ಕ್ಯಾಬಿನೆಟ್ ಸರಿ ಇಲ್ಲ ಅಂತ ಅಂಗಡಿಗೆ ವಾಪಸ್ ಹೊತ್ಕೊಂಡು ಹೋಗಿ ಜಗಳಾನೂ ಆಡ್ಬಂದೆ.

ಅದರ ತಪ್ಪಲ್ಲ ಅಂತ ಎಷ್ಟೋ ವರ್ಷ ಆದ್ಮೇಲೆ ಅರ್ಥ ಆಯ್ತು. ಎಸ್‌ಎಂಪಿಎಸ್ ಒಳಗೆ, ಕರೆಂಟ್ ಬರೋ ಬಾಗಿಲಲ್ಲೇ, ಗಲಾಟೆ ಸಿಗ್ನಲ್ ಸೋಸಕ್ಕೆ ಅಂತ ಎರಡು ಪುಟ್ಟ ಕೆಪಾಸಿಟರ್ ಇರ್ತವೆ, ಒಂದು ಫೇಸಿಂದ ಡಬ್ಬದ ತಗಡಿಗೆ, ಇನ್ನೊಂದು ನ್ಯೂಟ್ರಲ್ಲಿಂದ ಅದೇ ತಗಡಿಗೆ. ಅರ್ಥಿಂಗ್ ಸರಿಯಾಗಿದ್ರೆ ಅಲ್ಲಿ ಸೋರೋ ಚೂರು ಕರೆಂಟು ನೆಲಕ್ಕೆ ಹೋಗತ್ತೆ. ಅರ್ಥಿಂಗ್ ಇಲ್ಲ ಅಂದ್ರೆ ಇಡೀ ಕ್ಯಾಬಿನೆಟ್ಟು 230 ವೋಲ್ಟಿನ ಅರ್ಧಕ್ಕೆ, ಅಂದ್ರೆ ಸುಮಾರು 115 ವೋಲ್ಟಿಗೆ ತೇಲ್ತಾ ಇರತ್ತೆ. ಕರೆಂಟು ಒಂದು ಮಿಲಿ ಆಂಪಿಗಿಂತ ಕಮ್ಮಿ, ಹಾಗಾಗಿ ಬರೀ ಜುಮ್ಮ್. ನಮ್ಮನೆ ಮೂರು ಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಒಳಗಡೆ ವೈರೇ ಕೊಟ್ಟಿರ್ಲಿಲ್ಲ! ಹೊರಗಿಂದ ನೋಡಕ್ಕೆ ಮೂರು ತೂತು, ಒಳಗೆ ಎರಡೇ. ಈಗ ಯಾರಾದ್ರೂ ಹೊಸ ಕ್ಯಾಬಿನೆಟ್ ತಗೋತೀನಿ ಅಂದ್ರೆ ಮೊದಲು ಒಬ್ಬ ಎಲೆಕ್ಟ್ರಿಷಿಯನ್ ಕರೆದು ಮಲ್ಟಿಮೀಟರ್ ಹಿಡಿಸಿ ನೋಡ್ಸಿ ಅಂತೀನಿ. ಫೇಸಿಗೂ ಅರ್ಥಿಗೂ ಮಧ್ಯೆ 230ರ ಹತ್ರ ಬರ್ಬೇಕು, ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ಹೆಚ್ಚೂಕಮ್ಮಿ ಸೊನ್ನೆ, ಒಂದೆರಡು ವೋಲ್ಟ್ ಇದ್ರೆ ಪರವಾಗಿಲ್ಲ. ಇದಿಲ್ದೆ ಹತ್ತು ಸಾವಿರದ ಡಬ್ಬ ತಂದ್ರೂ ಮಣೆ ಮೇಲೇ ಕಾಲು.

ಸರಿ, ಅಮ್ಮನ ಪ್ರಶ್ನೆಗೆ ವಾಪಸ್ ಬರ್ತೀನಿ. ಹೊಸ ಮದರ್‌ಬೋರ್ಡು ಬ್ಯಾಗಲ್ಲೇ ಇತ್ತು, ಮೈಕ್ರೋ ಎಟಿಎಕ್ಸ್ ಅನ್ನೋ ಅಳತೇದು. ಆಗಿದ್ದಾಗಲಿ ಅಂತ ಹಳೇ ಡಬ್ಬದೊಳಗೆ ಇಟ್ಟು ನೋಡಿದ್ರೆ, ನಂಬ್ತೀರೋ ಇಲ್ವೋ, ಸ್ಕ್ರೂ ತೂತುಗಳು ಒಂದೊಂದೂ ಕರೆಕ್ಟಾಗಿ ಕೂತ್ವು. ಸುಮಾರು ಇಪ್ಪತ್ತು ವರ್ಷ ಅಂತರ! 1995ರಲ್ಲಿ ಇಂಟೆಲ್ ಕಂಪ್ನಿ ಎಟಿಎಕ್ಸ್ ಅನ್ನೋ ಅಳತೆ ತಂತು, 305 ಇನ್ಟು 244 ಮಿಲಿಮೀಟರಿನ ಬೋರ್ಡು, ತೂತುಗಳು ಇಂಥಿಂಥಲ್ಲೇ, ಹಿಂದಿನ ಕಿಂಡಿ ಇಷ್ಟೇ ಅಗಲ ಅಂತ. ಆಮೇಲೆ ಬಂದ ಮೈಕ್ರೋ ಎಟಿಎಕ್ಸು 244 ಇನ್ಟು 244, ಮಿನಿ ಐಟಿಎಕ್ಸ್ ಅಂತೂ ಬರೀ 170 ಇನ್ಟು 170, ಇವೂ ಅದೇ ತೂತುಗಳನ್ನೇ ಹಂಚ್ಕೊಂಡ್ವು. ನಡುವೆ ಒಂದ್ಸಲ ಇಂಟೆಲ್ಲೇ 2004ರಲ್ಲಿ ಬಿಟಿಎಕ್ಸ್ ಅಂತ ಹೊಸ ಅಳತೆ ತಂದು ಎಲ್ಲಾ ಬದಲಾಯ್ಸಕ್ಕೆ ಹೊರಟಿತ್ತು, ಗಾಳಿ ನೆಟ್ಟಗೆ ಹರೀಲಿ ಅಂತ. ಯಾರೂ ಅಷ್ಟಾಗಿ ತಗೊಳ್ಲಿಲ್ಲ, 2006ರಲ್ಲಿ ಅದೇ ಕೈಬಿಡ್ತು. ಪವರ್ ಬಟನ್ನಿನ ವೈರು ಕೂಡ ಬದಲಾಗಿಲ್ಲ ನೋಡಿ, ಅವತ್ತೂ ಎರಡು ಪಿನ್ನು, ಇವತ್ತೂ ಎರಡು ಪಿನ್ನು. ಅಪ್ಪ ಬೆಳಿಗ್ಗೆ ರೈತರ ಪಹಣಿ ನೋಡಕ್ಕೆ ಅಂತ ಒತ್ತುತಿದ್ದ ಅದೇ ಬಟನ್ನಲ್ಲಿ ಹೊಸ ಬೋರ್ಡು ಸ್ಟಾರ್ಟ್ ಮಾಡ್ಬೋದು.

ಒಂದೈದು ನಿಮಿಷ ನಿಜವಾಗ್ಲೂ ಆಸೆ ಆಯ್ತು. ಆಮೇಲೆ ಒಂದೊಂದೇ ಅಡ್ಡ ಬಂತು. ಗ್ರಾಫಿಕ್ಸ್ ಕಾರ್ಡು ಮೂರು ಫ್ಯಾನಿಂದು, 30 ಸೆಂಟಿಮೀಟರ್ ಉದ್ದ, ಹಾರ್ಡ್ ಡಿಸ್ಕ್ ಇಡೋ ಗೂಡಿಗೆ ಹೋಗಿ ಢಿಕ್ಕಿ ಹೊಡೀತು, ಆ ಗೂಡು ರಿವಿಟ್ ಹೊಡೆದಿರೋದು, ಬಿಚ್ಚಕ್ಕೆ ಬರಲ್ಲ. ಪ್ರೊಸೆಸರ್ ತಲೆ ಮೇಲೆ ಕೂರೋ ಕೂಲರ್ 155 ಮಿಲಿಮೀಟರ್ ಎತ್ತರ, ಸೈಡ್ ಡೋರ್ ಮುಚ್ಚಲ್ಲ. ಆ ಡೋರಿನ ಒಳಗಡೆ ಒಂದು ಪ್ಲಾಸ್ಟಿಕ್ ಕೊಳವೆ ಬೇರೆ. ಹಳೇ ಪೆಂಟಿಯಂ 4 ಇಟ್ಕೊಂಡಿದ್ದೋರಿಗೆ ಅದು ನೆನಪಿರತ್ತೆ, ಪ್ರೊಸೆಸರ್ ಬಿಸಿ ಆಗ್ತಿದ್ದ ಪರಿಗೆ ಹೊರಗಿನ ಗಾಳಿ ನೇರ ತಲೆ ಮೇಲೆ ಬೀಳ್ಲಿ ಅಂತ ಇಂಟೆಲ್ಲೇ ಹೇಳಿ ಇಡ್ಸಿದ್ದ ಕೊಳವೆ. ರೂಮಲ್ಲಿ 35 ಡಿಗ್ರಿ ಇದ್ರೆ ಪ್ರೊಸೆಸರ್ ಹತ್ರ ಬರೋ ಗಾಳಿ 38 ದಾಟಬಾರದು ಅನ್ನೋ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ನಮ್ಮ ಶೀಟಿನ ಮನೇಲಿ ರೂಮೇ 38 ಇರೋದು, ಆ ಲೆಕ್ಕ ಎಲ್ಲಿ ಹೋಯ್ತೋ.

ಇನ್ನು ಹಿಂದೆ ಇದ್ದಿದ್ದು 80 ಮಿಲಿಮೀಟರಿನ ಒಂದೇ ಒಂದು ಪುಟ್ಟ ಫ್ಯಾನು. ಪುಟ್ಟ ಫ್ಯಾನು ಅಷ್ಟೇ ಗಾಳಿ ತಳ್ಳಬೇಕು ಅಂದ್ರೆ ಸಿಕ್ಕಾಪಟ್ಟೆ ಜೋರಾಗಿ ತಿರುಗಬೇಕು, ಅದಕ್ಕೇ ಆ ಸೊಳ್ಳೆ ಕೂಗಿದಂಥ ಸದ್ದು. ಈಗಿನ 120, 140 ಮಿಲಿಮೀಟರಿನವು ನಿಧಾನಕ್ಕೆ ತಿರುಗಿಯೂ ಜಾಸ್ತಿ ಗಾಳಿ ಸಾಗಿಸ್ತವೆ. ಹಿಂದಿನ ಸ್ಲಾಟ್ ಮುಚ್ಚಿದ್ದ ತಗಡುಗಳಿವೆಯಲ್ಲ, ಅವು ಮುರಿದು ತೆಗಿಯೋ ಥರದವು, ಒಂದ್ಸಲ ಮುರಿದ್ರೆ ವಾಪಸ್ ಹಾಕಕ್ಕಾಗಲ್ಲ. ಯಾವ್ದೋ ಮೋಡೆಮ್ ಕಾರ್ಡಿಗೆ ಅಂತ ಮುರಿದಿದ್ದೆ, ಕಾರ್ಡ್ ತೆಗೆದ್ಮೇಲೆ ತೂತು ಹಂಗೇ ಬಾಯಿ ಬಿಟ್ಕೊಂಡಿತ್ತು. ಅಲ್ಲಿಂದ ಹಲ್ಲಿ ಹೊಕ್ಕು ಎಸ್‌ಎಂಪಿಎಸ್ಸಲ್ಲಿ ಸುಟ್ಟು, ಮನೆ ತುಂಬಾ ಮೂರು ದಿನ ವಾಸನೆ. ಅದಾದ್ಮೇಲಿಂದ ಈಗ್ಲೂ ಕ್ಯಾಬಿನೆಟ್ ನೋಡಿದ್ರೆ ಮೊದಲು ತಿರುಗ್ಸಿ ಬೆನ್ನು ನೋಡ್ತೀನಿ, ಆ ತಗಡುಗಳು ಸ್ಕ್ರೂ ಹಾಕಿ ಬಿಚ್ಚೋವಾ, ಮುರಿಯೋವಾ ಅಂತ. ಜನ ಮುಖ ನೋಡ್ತಾರೆ. ನಂಗೆ ಹಲ್ಲಿ ನೆನಪಾಗತ್ತೆ, ಏನ್ಮಾಡ್ಲಿ.

ಹಾಗಾಗಿ ಹಳೇದು ಮತ್ತೆ ಸೀರೆ ಸುತ್ಕೊಂಡು ಅಟ್ಟ ಹತ್ತಿತು. ಆದ್ರೆ ಆ ಒಂದು ಮಧ್ಯಾಹ್ನದ ಪರದಾಟದಲ್ಲಿ ನಂಗೆ ಬೇಕಾದ ಲಿಸ್ಟು ತಾನಾಗೇ ತಯಾರಾಗಿತ್ತು, ಯಾವ ರಿವ್ಯೂ ವಿಡಿಯೋನೂ ನೋಡ್ದೆ.

ಎಸ್‌ಪಿ ರೋಡಿಗೆ ಒಂದು ಗುರುವಾರ ರಜೆ ಹಾಕಿ ಹೋದೆ. ಟೌನ್ ಹಾಲ್ ಹತ್ರ ಇಳಿದು ನಡ್ಕೊಂಡು ಹೋಗೋದೇ ಒಳ್ಳೇದು, ಸದರ್ ಪತ್ರಪ್ಪ ರಸ್ತೆ ಅನ್ನೋ ಪೂರ್ತಿ ಹೆಸರು ಹೇಳಿದ್ರೆ ಆಟೋದವ್ರೂ ಒಂದ್ಸಲ ಯೋಚ್ನೆ ಮಾಡ್ತಾರೆ. ಈಗಿನ ಅಂಗಡಿಗಳಲ್ಲಿ ಕ್ಯಾಬಿನೆಟ್ಟುಗಳು ಅಕ್ವೇರಿಯಂ ಥರ ಜೋಡ್ಸಿರ್ತಾರೆ. ಮುಂದೆ ಗಾಜು, ಪಕ್ಕದಲ್ಲಿ ಗಾಜು, ಒಳಗೆ ಕಾಮನಬಿಲ್ಲಿನ ಫ್ಯಾನುಗಳು ತಿರುಗ್ತಾ. ರಾಜ್ಯೋತ್ಸವಕ್ಕೆ ಸೀರಿಯಲ್ ಸೆಟ್ ಹಾಕಿದಂಗೆ.

"ಸಾರ್ ಇದ್ ತಗೊಳಿ, ನಾಕು ಆರ್‌ಜಿಬಿ ಫ್ಯಾನ್ ಫ್ರೀ, ರಿಮೋಟ್ ಕೂಡ ಬರತ್ತೆ."

ಹುಡುಗ ಪಾಪ ಒಳ್ಳೇವ್ನು. ನಾನು ಆ ಗಾಜಿನ ಮುಖ ಮತ್ತೆ ಪಕ್ಕದ ಚೌಕಟ್ಟಿನ ನಡುವೆ ಬೆರಳು ತೂರ್ಸಿ ನೋಡ್ದೆ. ಸಂದಿ ಒಂದು ಸೆಂಟಿಮೀಟರೂ ಇಲ್ಲ. "ಇದರ ಹಿಂದೆ ಮೂರು ಫ್ಯಾನ್ ಇದೆ ಸರಿ, ಗಾಳಿ ಎಲ್ಲಿಂದ ಬರತ್ತೆ?" ಅಂದೆ. ಹುಡುಗ ನಕ್ಬಿಟ್ಟ, "ಸಾರ್, ಎಲ್ರೂ ಲೈಟ್ ನೋಡ್ತಾರೆ, ನೀವೊಬ್ರು ಗಾಳಿ ಕೇಳ್ತೀರಿ" ಅಂತ. ಮೇಲೆ ಥಳುಕು ಒಳಗೆ ಹುಳುಕು ಅಂತ ಗಾದೆ ಇದ್ಯಲ್ಲ, ಇಲ್ಲಿ ಒಳಗೆ ಹುಳುಕಿಲ್ಲ, ಉಸಿರಿಲ್ಲ. ಮೂಗಿಗೆ ಬಟ್ಟೆ ಒತ್ತಿ ಓಡು ಅಂದಂಗೆ. ಆಫೀಸಿನ ಗೆಳೆಯನೊಬ್ಬನ ಹತ್ರ ಇಂಥದ್ದೇ ಇದೆ, ಗೇಮ್ ಹಚ್ಚಿದ್ರೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಕುಕ್ಕರ್ ಥರ ಏರತ್ತೆ, ಪಕ್ಕದ ಗಾಜು ಬಿಚ್ಚಿಟ್ರೆ ಏಳೆಂಟು ಡಿಗ್ರಿ ಇಳಿದುಬಿಡತ್ತೆ. ಈಗಾಗ್ಲೇ ಕ್ಯಾಬಿನೆಟ್ ಇರೋರು ಈ ಪರೀಕ್ಷೆ ಮಾಡಿ ನೋಡ್ಬೋದು, ಬಾಗಿಲು ಬಿಚ್ಚಿದಾಗ ಟೆಂಪರೇಚರ್ ಜಾಸ್ತಿ ಇಳೀತು ಅಂದ್ರೆ ಡಬ್ಬ ಉಸಿರು ಕಟ್ಟಿಸ್ತಿದೆ ಅಂತ ಅರ್ಥ.

ಗೆಳೆಯ ಗಾಜು ಬಿಚ್ಚಿಟ್ಟ ಕಥೆ ಅಲ್ಲಿಗೆ ಮುಗೀಲಿಲ್ಲ. ಬಿಚ್ಚಿದ್ದನ್ನ ಗೋಡೆಗೆ ಒರಗ್ಸಿ ನೆಲದ ಮೇಲೆ ನಿಲ್ಲಿಸ್ದ. ನಮ್ಮೆಲ್ರ ಮನೇಲಿ ಇರೋ ಹಂಗೇ ವಿಟ್ರಿಫೈಡ್ ಟೈಲ್ಸು. ಮೆತ್ತಗೆ ಇಟ್ಟಿದ್ದು, ಬೀಳ್ಸಿಲ್ಲ ಏನಿಲ್ಲ, ಬರೀ ಮೂಲೆ ಟಣ್ ಅಂತ ತಾಗಿದ್ದಕ್ಕೆ ಇಡೀ ಗಾಜು ಒಂದೇ ಏಟಿಗೆ ಕಲ್ಲುಸಕ್ಕರೆ ಥರ ಪುಡಿ ಪುಡಿ. ಟೆಂಪರ್ಡ್ ಗಾಜು ಅಂದ್ರೆ ಕಾಯ್ಸಿ ಸರ್ರಂತ ತಣ್ಣಗೆ ಮಾಡಿ ಮಾಡಿರೋದು, ಹೊರಮೈ ಬಿಗಿ ಹಿಡ್ಕೊಂಡಿರತ್ತೆ, ಒಳಗೆ ಎಳೆತ. ನಡುವೆ ಗುದ್ದಿದ್ರೆ ತಡ್ಕೊಳತ್ತೆ, ಅಂಚಲ್ಲಿ ಮಾತ್ರ ಅದರ ಪ್ರಾಣ. ಟೈಲ್ಸು ಗಾಜಿಗಿಂತ ಗಟ್ಟಿ, ಚಿಕ್ಕ ಗೀರು ಬಿದ್ದು ಆ ಬಿಗಿ ಒಂದು ಕಡೆ ಬಿಟ್ಟಿತು ಅಂದ್ರೆ ಪೂರ್ತಿ ಬಿಟ್ಟಂಗೇ. ಅವನ ಹೆಂಡತಿ ವಾರ ಆದ್ಮೇಲೂ ಸೋಫಾ ಕೆಳಗಿಂದ ಗಾಜು ಗುಡಿಸ್ತಿದ್ರು. ಗಾಜಿನ ಬಾಗಿಲು ತಗೊಂಡ್ರೆ ಬಿಚ್ಚಿದಾಗ ಹಾಸಿಗೆ ಮೇಲೆ ಮಲಗ್ಸಿ, ಮಗು ಮಲಗ್ಸಿದಂಗೆ. ನಂಗೆ ಆ ಉಸಾಬರಿನೇ ಬೇಡ ಅನ್ನಿಸ್ತು, ಎರಡೂ ಕಡೆ ತಗಡಿನ ಬಾಗಿಲೇ ಇರೋದು ಬೇಕು ಅಂದೆ. ಹುಡುಗ ನನ್ನ ಮುಖ ಹೊಸದಾಗಿ ನೋಡ್ದ. ಅಂಥದ್ದು ಈಗ ಹುಡುಕೋದೇ ಕಷ್ಟ, ಮೂರು ವಾರ ಹಿಡಿದಿದ್ದೂ ಅರ್ಧ ಇದಕ್ಕೇ.

ತಗಡು ಅಂದ್ಮೇಲೆ ದಪ್ಪ ನೋಡ್ಬೇಕು. ಡಬ್ಬದ ಮೇಲೆ ಬರೆದಿರ್ತಾರೆ, ಅಗ್ಗದ್ದು 0.4, 0.5 ಮಿಲಿಮೀಟರ್, ಸುಮಾರಾದ್ದು 0.6, ಒಳ್ಳೇದು 0.8 ಹತ್ರ. ಬರ್ದಿಲ್ಲ ಅಂದ್ರೆ ಹಲಸಿನಹಣ್ಣು ತಟ್ಟಿ ನೋಡ್ತೀವಲ್ಲ ಹಂಗೆ ತಟ್ಟಬೇಕು. ಟಿಣ್ ಅಂದ್ರೆ ಬೇಡ, ದಬ್ ಅಂದ್ರೆ ತಗೊಬೋದು. ಬಾಗಿಲು ಬಿಚ್ಚಿ ಎರಡು ಮೂಲೆ ಹಿಡಿದು ಮೆಲ್ಲಗೆ ತಿರುಚಿದ್ರೆ ಹಪ್ಪಳದ ಥರ ಬಾಗೋದೂ ನೋಡಿದೀನಿ, ಅದು ಆಮೇಲೆ ಜನ್ಮದಲ್ಲಿ ಕರೆಕ್ಟಾಗಿ ಕೂರಲ್ಲ, ಫ್ಯಾನ್ ತಿರುಗಿದ್ರೆ ಗಡಗಡ ಅನ್ನತ್ತೆ.

ಕೊನೆಗೆ ನಾಲ್ಕನೇ ಅಂಗಡಿಲಿ, ಒಳಗಿನ ಗೋಡೌನಿಂದ ಧೂಳು ಕೊಡವಿ ತಂದ್ರು. ಕಪ್ಪು, ಒಂದೇ ಒಂದು ಲೈಟಿಲ್ಲ, ಮುಂದೆ ಪೂರ್ತಿ ಜಾಲರಿ, ಎರಡು 140ರ ಫ್ಯಾನ್ ಮುಂದೆ, ಒಂದು 120ರದ್ದು ಹಿಂದೆ, ಕಾರ್ಡಿಗೆ 33 ಸೆಂಟಿಮೀಟರ್ ಜಾಗ, ಕೂಲರಿಗೆ 165 ಮಿಲಿಮೀಟರ್. "ಇದು ಯಾರೂ ಕೇಳಲ್ಲ ಸಾರ್" ಅಂತ ಇನ್ನೂರೈವತ್ತು ಬಿಟ್ಟೂ ಕೊಟ್ರು. ಮನೆಗೆ ತಂದಿದ್ದು ಗೆಳೆಯನ ಆಕ್ಟಿವಾದಲ್ಲಿ, ಕಾಲಿಡೋ ಜಾಗದಲ್ಲಿ ಪೆಟ್ಟಿಗೆ ನಿಲ್ಲಿಸ್ಕೊಂಡು, ನಾನು ಹಿಂದೆ ಕೂತು ಎರಡೂ ಕೈ ಚಾಚಿ ಅದನ್ನ ತಬ್ಬಿ ಹಿಡ್ಕೊಂಡು. ಮಾಗಡಿ ರೋಡ್ ಸಿಗ್ನಲ್ಲಲ್ಲಿ ಪಕ್ಕದ ಆಟೋದವ್ರು "ಏನ್ ಗುರು, ಮಿಕ್ಸಿನಾ?" ಅಂದ್ರು.

ಧೂಳಿನ ವಿಷ್ಯ ಹೇಳ್ಲೇಬೇಕು. ನಮ್ದು ರೋಡಿಗೆ ಮುಖ ಮಾಡಿರೋ ಎರಡನೇ ಮಹಡಿ, ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೀಬೋದು. ಗಾಳಿ ಬೇಕು ಅಂದ್ರೆ ಧೂಳೂ ಬರತ್ತೆ, ಆದ್ರೆ ಎಲ್ಲಿಂದ ಬರ್ಬೇಕು ಅಂತ ನಾವು ಹೇಳ್ಬೋದು. ಒಳಗೆ ತಳ್ಳೋ ಗಾಳಿ ಹೊರಗೆ ಎಳೆಯೋದಕ್ಕಿಂತ ಜಾಸ್ತಿ ಇದ್ರೆ ಡಬ್ಬದೊಳಗೆ ಒತ್ತಡ ಚೂರು ಜಾಸ್ತಿ ಇರತ್ತೆ, ಆಗ ಸಂದಿಗೊಂದಿಯಿಂದೆಲ್ಲಾ ಗಾಳಿ ಹೊರಗೇ ಹೋಗತ್ತೆ, ಒಳಗೆ ಬರೋದು ಫಿಲ್ಟರ್ ಇರೋ ಬಾಗಿಲಿಂದ ಮಾತ್ರ. ಉಲ್ಟಾ ಮಾಡಿದ್ರೆ, ಅಂದ್ರೆ ಹಿಂದೆ ಮೇಲೆ ಎಲ್ಲಾ ಎಳೆಯೋ ಫ್ಯಾನೇ ಹಾಕಿದ್ರೆ, ಯುಎಸ್‌ಬಿ ತೂತಿಂದ, ಸ್ಲಾಟಿನ ಸಂದಿಯಿಂದ ಎಲ್ಲಾ ಧೂಳು ಹೀರ್ಕೊಳತ್ತೆ. ಅದಕ್ಕೇ ಮುಂದೆ ಎರಡು ದೊಡ್ಡವು, ಹಿಂದೆ ಒಂದು ಚಿಕ್ಕದು. ಬಿಸಿಗಾಳಿ ಮೇಲೇರತ್ತೆ ಅಂತ ಮೇಲೂ ಮೂರು ಫ್ಯಾನ್ ಹಾಕ್ಸೋರಿದ್ದಾರೆ, ಬಿಸಿಗಾಳಿ ತಾನಾಗಿ ಏರೋ ಜೋರು ಫ್ಯಾನಿನ ಮುಂದೆ ಏನೇನೂ ಅಲ್ಲ. ಫಿಲ್ಟರ್ ಮಾತ್ರ ಬಿಚ್ಚೋದು ಸುಲಭ ಇರ್ಬೇಕು. ಡಬ್ಬ ಎತ್ತಿ ಮಗುಚಿ ನಾಲ್ಕು ಸ್ಕ್ರೂ ತೆಗೆದು ತೊಳೀಬೇಕು ಅಂದ್ರೆ ಎರಡನೇ ಸಲ ಯಾರೂ ತೊಳಿಯಲ್ಲ, ನಾನಂತೂ ತೊಳಿಯಲ್ಲ.

ಜೋಡ್ಸುವಾಗ ಒಂದು ಎಡವಟ್ಟು ಮಾಡ್ದೆ, ಅದನ್ನ ಮುಚ್ಚಿಡಲ್ಲ. ಮದರ್‌ಬೋರ್ಡು ತಗಡಿಗೆ ತಾಗಬಾರ್ದು ಅಂತ ಹಿತ್ತಾಳೆ ಬಣ್ಣದ ಪುಟ್ಟ ಕಾಲುಗಳಿರ್ತವೆ, ಸ್ಟ್ಯಾಂಡ್‌ಆಫು. ಕಂಪ್ನಿಯವ್ರು ದೊಡ್ಡ ಎಟಿಎಕ್ಸ್ ಬೋರ್ಡಿನ ಲೆಕ್ಕಕ್ಕೆ ಹಾಕಿ ಕಳ್ಸಿದ್ರು, ನಂದು ಚಿಕ್ಕ ಬೋರ್ಡು. ಬೇಡದ ಕಾಲೊಂದು ತೆಗೀದೆ ಬಿಟ್ಟೆ, ಅದು ಬೋರ್ಡಿನ ಬೆನ್ನಿಗೆ ಚುಚ್ಕೊಂಡು ಕೂತು. ಬಟನ್ ಒತ್ತಿದ್ರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲತ್ತೆ, ಮತ್ತೆ ಒತ್ತಿದ್ರೆ ಮತ್ತೆ ಅರ್ಧ ಸುತ್ತು. ರಾತ್ರಿ ಹನ್ನೊಂದೂವರೆ. ರ‍್ಯಾಮ್ ಬಿಚ್ಚಿ ಹಾಕಿ, ಎಸ್‌ಎಂಪಿಎಸ್ ಮೇಲೆ ಅನುಮಾನ ಪಟ್ಟು, ಪ್ರೊಸೆಸರ್ ಪಿನ್ ಬಾಗ್ಸಿದ್ನಾ ಅಂತ ಬೆವತು, ಕೊನೆಗೆ ಬೋರ್ಡು ಬಿಚ್ಚಿ ರಟ್ಟಿನ ಪೆಟ್ಟಿಗೆ ಮೇಲಿಟ್ಟು ಸ್ಕ್ರೂಡ್ರೈವರಲ್ಲಿ ಎರಡು ಪಿನ್ ಮುಟ್ಟಿಸಿದ್ರೆ ಜುಂ ಅಂತ ಸ್ಟಾರ್ಟ್ ಆಯ್ತು. ಆವಾಗ ಹೊಳೀತು. ಬೋರ್ಡ್ ಉಳಿದಿದ್ದು ಎಸ್‌ಎಂಪಿಎಸ್ಸಿನ ಪುಣ್ಯ, ಶಾರ್ಟ್ ಆದ ತಕ್ಷಣ ತಾನೇ ಬಾಯಿ ಮುಚ್ಕೊಂಡಿತ್ತು. ಕಾಲುಗಳನ್ನ ಎಣಿಸಿ. ಬೋರ್ಡಿನ ತೂತು ಎಷ್ಟೋ ಕಾಲು ಅಷ್ಟೇ ಇರ್ಬೇಕು, ಒಂದೂ ಜಾಸ್ತಿ ಬೇಡ.

ಸ್ಕ್ರೂಗಳೂ ಎರಡು ಜಾತಿ, ದಪ್ಪ ಥ್ರೆಡ್ಡಿನವು 6-32, ಸಣ್ಣ ಥ್ರೆಡ್ಡಿನವು ಎಂ3. ಎರಡೂ ಒಂದೇ ಪ್ಲಾಸ್ಟಿಕ್ ಕವರಲ್ಲಿ ಕಲಸಿ ಕೊಡ್ತಾರೆ ನೋಡಿ, ಅಲ್ಲಿ ಕೋಪ ಬರತ್ತೆ ನಂಗೆ. ಅಕ್ಕಿ ಆರಿಸಿದಂಗೆ ಮೊರದಲ್ಲಿ ಹಾಕ್ಕೊಂಡು ಆರಿಸ್ದೆ.

ಇಡೋ ಜಾಗದ ಮೇಲೆ ಮನೇಲಿ ಒಂದು ಸುತ್ತು ಚರ್ಚೆ ಆಯ್ತು. ನೆಲದ ಮೇಲೆ ಬೇಡ ಅಂದೆ, ಎಸ್‌ಎಂಪಿಎಸ್ ಈಗ ಕೆಳಗಿರತ್ತೆ, ಅಡಿಯಿಂದ ಗಾಳಿ ಎಳ್ಕೊಳತ್ತೆ, ನೆಲ ಒರೆಸೋ ಬಟ್ಟೆ ನೀರು ಅಲ್ಲೇ ಹರಿಯೋದು. ಟೇಬಲ್ ಮೇಲಿಟ್ರೆ ಜಾಗ ಇಲ್ಲ. ಕೊನೆಗೆ ನಮ್ಮಾಕೆ "ಆ ಮಣೆ ತಂದಿದ್ಯಲ್ಲ ಊರಿಂದ" ಅಂದ್ಲು. ಹೌದು, ಅಮ್ಮ ಹಳೇ ಮಣೆ ಕೊಟ್ಟು ಕಳ್ಸಿದ್ರು, ಹೊಸ ಕಂಪ್ಯೂಟರ್ರೂ ಹೊಡೆದ್ರೆ ಇರ್ಲಿ ಅಂತ. ಈಗ ಕ್ಯಾಬಿನೆಟ್ಟೇ ಮಣೆ ಮೇಲೆ ಕೂತಿದೆ.

ಆಯುಧಪೂಜೆಗೆ ಅಮ್ಮ ಬಂದ್ರು. ಬಂದವ್ರೇ ಮೊದಲು ಹಿಂದಿನ ಸ್ಕ್ರೂ ಮೇಲೆ ಬೆರಳಿಟ್ಟು ನೋಡಿದ್ರು. "ಹೊಡೆಯಲ್ವಲ್ಲೋ" ಅಂದ್ರು, ಸ್ವಲ್ಪ ಬೇಜಾರಲ್ಲೇ ಅಂದಂಗಿತ್ತು. ಬೈಕು, ಮಿಕ್ಸಿ, ಈಳಿಗೆಮಣೆ ಎಲ್ಲಾ ಆದ್ಮೇಲೆ ಇದರ ಮುಂದೆ ಬಂದು ನಿಂತ್ರು. ಮುಂದೆ ಜಾಲರಿ, ಅರಿಶಿನ ಕುಂಕುಮ ನಿಲ್ಲಲ್ಲ. ಮೇಲೂ ಜಾಲರಿ. "ಎಲ್ಲಾ ತೂತೇ ಆಯ್ತಲ್ಲೋ ಮಗಾ, ಇದಕ್ಕೆ ಹಣೆ ಎಲ್ಲಿ?" ಪಕ್ಕದ ತಗಡು ತೋರ್ಸಿದೆ, ಅದು ಕಪಾಳ ಕಣೋ ಅಂದು ತಲೆ ಮೇಲೇ ಉದುರಿಸಿದ್ರು, ಮೇಲೊಂದು ಸೇವಂತಿಗೆ. ನಾನು ಸ್ವಿಚ್ ಆಫ್ ಇದ್ಯಾ ಅಂತ ಎರಡು ಸಲ ನೋಡ್ಕೊಂಡೆ, ಬಾಯಿ ಬಿಡ್ಲಿಲ್ಲ. ಊರಿಗೆ ಹೋಗೋವರೆಗೂ ಅದರ ತಲೆ ಮೇಲೆ ಅವರ ಕನ್ನಡಕದ ಡಬ್ಬಿನೂ ಇತ್ತು.

ಎರಡು ತಿಂಗಳಾದ್ಮೇಲೆ, ಮೊನ್ನೆ, ಫಿಲ್ಟರ್ ತೊಳೆಯಕ್ಕೆ ಅಂತ ಬಚ್ಚಲಿಗೆ ತಗೊಂಡ್ಹೋದೆ. ಮುಂದಿನದು ತೊಳೆದ್ರೆ ಕರೀ ನೀರು ಹೋಯ್ತು, ಪೂರ್ತಿ ರೋಡಿನ ಧೂಳು. ಮೇಲಿನದು ಮ್ಯಾಗ್ನೆಟ್ಟಿಂದು, ಎತ್ತಿದ್ರೆ ಬಂತು, ನಲ್ಲಿ ಕೆಳಗೆ ಹಿಡಿದ್ರೆ ಮೊದಲನೇ ನೀರು ಕೆಂಪಗೆ ಇಳೀತು.